ಓಣಿಯವರೆಲ್ಲ ಮತ್ತೆ ಒಂದು ದಿನ ಕೂಡಬೇಕೆಂದರೆ: ಬಾಗಿಲ ಲೆಕ್ಕದಿಂದ ಊಟದ ಸಾಲಿನವರೆಗೆ

ಹಳೆ ವಿದ್ಯಾರ್ಥಿಗಳ ಕೂಟ, ಗುರುವಂದನೆ ಈಗ ನಮ್ಮ ಕಡೆ ಊರೂರಲ್ಲೂ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಬ್ಯಾಚಿನ ಹೆಸರಲ್ಲಿ ಬ್ಯಾನರ್ ಕಟ್ಟುತ್ತಾರೆ, ಮೇಷ್ಟ್ರಿಗೆ ಶಾಲು ಹೊದಿಸುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅಲ್ಲಿಗೆ ಬರುವವರು ಹತ್ತನೇ ಕ್ಲಾಸಿನ ತನಕ ಓದಿದವರು ಮಾತ್ರ. ನಮ್ಮ ಜೊತೆ ಲಗೋರಿ ಆಡಿದವರಲ್ಲಿ ಎಷ್ಟೋ ಮಂದಿ ನಾಲ್ಕನೇ ಕ್ಲಾಸಿಗೇ ಪಾಟಿಚೀಲ ಬಿಟ್ಟು ದನ ಕಾಯೋಕೆ ಹೋದರು. ಎಷ್ಟೋ ಹುಡುಗಿಯರು ಹತ್ತಿ ಬಿಡಿಸೋಕೆ ಹೋದರು, ಆಮೇಲೆ ಮದುವೆಯಾಗಿ ಊರೇ ಬಿಟ್ಟರು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಅರ್ಧಕ್ಕೇ ನಿಂತಿದೆ. ಓಣಿಯಲ್ಲಿ ಮಾತ್ರ ಅವರಿಗೂ ನಮ್ಮಷ್ಟೇ ಜಾಗ ಇತ್ತು.

ಅದಕ್ಕೇ ಓಣಿಯವರ ಕೂಟ ಬೇರೆಯಾಗಿಯೇ ನಡೆಯಬೇಕು ಅಂತ ನನಗೆ ಅನಿಸುತ್ತದೆ. ಅದನ್ನು ನಡೆಸುವ ರೀತಿಯೂ ಬೇರೆ. ಫೋನಿನಲ್ಲಿ ಯಾರ ನಂಬರ್ ಇದೆ ಅಂತ ನೋಡಿ ಕರೆದರೆ ಅದು ಗೆಳೆಯರ ಪಾರ್ಟಿ ಆಗುತ್ತದೆ. ಯಾವ ಬಾಗಿಲಲ್ಲಿ ಯಾರಿದ್ದರು ಅಂತ ಲೆಕ್ಕ ಹಾಕಿ ಕರೆದರೆ ಓಣಿ ಕೂಡುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೈಯಲ್ಲಿ ಕನಿಷ್ಠ ನಾಲ್ಕು ತಿಂಗಳು ಇರಲಿ.

ಮೊದಲು ಮೂರು ಮಂದಿ ಸಾಕು

ಶುರುವಿನಲ್ಲೇ ದೊಡ್ಡ ಕಮಿಟಿ ಬೇಡ. ಅಧ್ಯಕ್ಷರು, ಕಾರ್ಯದರ್ಶಿ ಅಂತ ಶುರುವಾದರೆ ಊರಿನ ಪಾರ್ಟಿ ಪಾಲಿಟಿಕ್ಸ್ ಒಳಗೆ ಬರುತ್ತದೆ. ಮೂರು ಮಂದಿ ಸಾಕು. ಒಬ್ಬರು ಇವತ್ತಿಗೂ ಅದೇ ಓಣಿಯಲ್ಲಿ ಇರುವವರು. ಇನ್ನೊಬ್ಬರು ಬೆಂಗಳೂರು, ಪುಣೆ, ಹೈದರಾಬಾದ್ ಹೀಗೆ ಹೊರಗೆ ಇರುವವರು. ಮೂರನೆಯವರು ಆ ಓಣಿಯಲ್ಲಿ ಹುಟ್ಟಿ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಗಳು. ಈ ಮೂರನೆಯವರು ಇಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ಯಾವ ಅಕ್ಕ ಯಾವ ಊರಿಗೆ ಹೋದಳು, ಯಾರ ಗಂಡನ ಮನೆಯಲ್ಲಿ ಹೇಗೆ ಮಾತಾಡಬೇಕು, ಇದೆಲ್ಲ ಗಂಡಸರಿಗೆ ಗೊತ್ತಿರುವುದಿಲ್ಲ.

ಬಾಗಿಲ ಲೆಕ್ಕ

ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಗೊಳ್ಳಿ. ಓಣಿಯ ಎರಡೂ ಕಡೆಯ ಮನೆಗಳನ್ನು ಚೌಕ ಚೌಕವಾಗಿ ಬರೆಯಿರಿ. ಈಗಿನ ಓಣಿ ಬೇಡ, ನಿಮ್ಮ ಚಿಕ್ಕಂದಿನ ಓಣಿ ಬೇಕು. ಒಂದು ವರ್ಷ ಗೊತ್ತು ಮಾಡಿಕೊಳ್ಳಿ, 1990 ಅಂತಲೋ 1998 ಅಂತಲೋ. ಆ ವರ್ಷ ಎಲ್ಲಿ ಮಣ್ಣಿನ ಮಾಳಿಗೆಯ ಮೇಲ್ಮುದ್ದಿ ಮನೆ ಇತ್ತು, ಎಲ್ಲಿ ಗುಡಿಸಲು ಇತ್ತು, ಬೋರಿಂಗ್ ಎಲ್ಲಿತ್ತು, ಬೇವಿನ ಗಿಡ ಎಲ್ಲಿತ್ತು, ಹನುಮಪ್ಪನ ಗುಡಿ ಕಟ್ಟೆ, ಮೊಹರಮ್ಮಿಗೆ ಬೆಂಕಿ ಹಾಕುವ ಅಲಾಯಿ ಕುಣಿ, ಎಲ್ಲ ಹಾಕಿ. ಜಾಗ ನೆನಪಾದರೆ ಮನುಷ್ಯರು ತಾವಾಗಿ ನೆನಪಾಗುತ್ತಾರೆ.

ಈ ಹಾಳೆ ಹಿಡಿದುಕೊಂಡು ಓಣಿಯ ಇಬ್ಬರು ಮೂವರು ಹಿರಿಯರ ಹತ್ತಿರ ಕೂಡಿ. ಅಜ್ಜಿಯರಾದರೆ ಇನ್ನೂ ಒಳ್ಳೆಯದು. ಪ್ರತಿ ಬಾಗಿಲಿಗೂ ಕೇಳಿ: ಈ ಮನೆಯಲ್ಲಿ ಯಾರ್ಯಾರಿದ್ದರು, ಮಕ್ಕಳೆಷ್ಟು, ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು, ಸಂಬಳಕ್ಕೆ ಇದ್ದ ಹುಡುಗ ಯಾರು, ಬಾಡಿಗೆಗೆ ಇದ್ದ ಮೇಷ್ಟ್ರು ಯಾರು. ದನ ಕಾಯುವ ಹುಡುಗನೂ ಆ ಮನೆಯ ಬಾಗಿಲಲ್ಲೇ ಬೆಳೆದವನು, ಅವನನ್ನು ಬಿಡಬೇಡಿ. ಇನ್ನೊಂದು ಕೇರಿಯಿಂದ ದಿನಾ ಆಡೋಕೆ ಬರುತ್ತಿದ್ದವರ ಹೆಸರನ್ನೂ ಹಾಳೆಯ ಅಂಚಿನಲ್ಲಿ ಬರೆಯಿರಿ. ನಮ್ಮ ಓಣಿಗಳು ಜಾತಿಯ ಮೇಲೆ ಕಟ್ಟಿದವು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆಟಕ್ಕೆ ಬಂದವರೂ ಓಣಿಯವರೇ ಅಂತ ಈಗಲಾದರೂ ಲೆಕ್ಕಕ್ಕೆ ತಗೊಳ್ಳಬಹುದು, ಅಲ್ವಾ?

ಹೆಸರಿನ ಜೊತೆಗೆ ಅಡ್ಡ ಹೆಸರು, ಮನೆತನದ ಹೆಸರು, ತಂದೆಯ ಹೆಸರು ಬರೆಯಿರಿ. ಮದುವೆಯಾದ ಮೇಲೆ ಕೆಲವರಿಗೆ ಗಂಡನ ಮನೆಯಲ್ಲಿ ಬೇರೆ ಹೆಸರೇ ಇಟ್ಟಿರುತ್ತಾರೆ. ನೀವು ಚಿಕ್ಕಂದಿನ ಹೆಸರು ಹೇಳಿ ಕೇಳಿದರೆ ಆ ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. "ಇಂಥ ಊರಿನಿಂದ ಬಂದ ಸೊಸೆ" ಅಂತ ಕೇಳಿ, ತಕ್ಷಣ ಮನೆ ತೋರಿಸುತ್ತಾರೆ.

ಹೊಳೆ ದಂಡೆಯ ಊರಿನವರಿಗೆ ಒಂದು ಮಾತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಕೃಷ್ಣೆ, ತುಂಗಭದ್ರೆ ಉಕ್ಕಿ ಬಂದವಲ್ಲ, ಆಗ ಎಷ್ಟೋ ಊರಿನ ಮನೆಗಳು ಬಿದ್ದವು. ಆಮೇಲೆ ನೆರೆಯಲ್ಲಿ ಮನೆ ಕಳಕೊಂಡವರಿಗೆ ಸರಕಾರದ ಆಸರೆ ಯೋಜನೆಯ ಮನೆಗಳು ಬಂದವು, ಒಂದೇ ಓಣಿಯ ಮಂದಿ ಹಳೆ ಊರು ಹೊಸ ಊರು ಅಂತ ಹಂಚಿಹೋದರು. ಹೊಸ ಕಾಲೊನಿಯಲ್ಲಿ ಪಕ್ಕದ ಮನೆಯವರು ಬೇರೆ ಯಾರೋ. ಇಂಥ ಊರಿನವರು ಹಳೆ ಊರಿನ ನಕ್ಷೆಯನ್ನೇ ಬರೆಯಬೇಕು. ಮನೆ ಬಿದ್ದಿದ್ದರೂ ಬಾಗಿಲು ಲೆಕ್ಕಕ್ಕೆ ಇರಲಿ. ಕಾಲುವೆ ಬಂದ ಮೇಲೆ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ಮಂದಿಯೂ ಅಷ್ಟೇ. ಊರಿನ ಶಾಲೆಗೆ, ಅಂಗಡಿಗೆ ನಡೆದು ಬರುತ್ತಿದ್ದ ಕ್ಯಾಂಪಿನ ಮಕ್ಕಳು ನಿಮ್ಮ ಜೊತೆ ಬೆಳೆದಿದ್ದರೆ ಅವರಿಗೂ ಒಂದು ಚೌಕ ಬಿಡಿ.

ಸಿಗದವರನ್ನು ಹುಡುಕುವುದು

ಗುಳೆ ಹೋದವರನ್ನು ಹುಡುಕಬೇಕೆಂದರೆ ಅವರನ್ನು ಕರೆದುಕೊಂಡು ಹೋದ ಮೇಸ್ತ್ರಿಯನ್ನು ಹಿಡಿಯಿರಿ. ಬೆಂಗಳೂರಿನ ಕಟ್ಟಡ ಕೆಲಸವಿರಲಿ, ಗೋವಾ ಇರಲಿ, ಯಾವ ಗುಂಪು ಎಲ್ಲಿ ಶೆಡ್ ಹಾಕಿಕೊಂಡಿದೆ ಅಂತ ಅವನಿಗೆ ಗೊತ್ತಿರುತ್ತದೆ. ಊರೊಳಗಿನ ಸುದ್ದಿಗೆ ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕ, ರೇಷನ್ ಅಂಗಡಿಯವರು. ಸುತ್ತಲಿನ ಊರುಗಳ ಸುದ್ದಿಗೆ ಬಳೆಗಾರರು, ಸಂತೆಗೆ ತಿರುಗುವವರು. ಮತದಾರರ ಪಟ್ಟಿಯನ್ನು ಚುನಾವಣಾ ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮನೆ ನಂಬರ್, ತಂದೆ ಅಥವಾ ಗಂಡನ ಹೆಸರು ಅದರಲ್ಲಿ ಇರುವುದರಿಂದ ಹೆಸರು ಸರಿನೋ ತಪ್ಪೋ ಅಂತ ತಾಳೆ ನೋಡೋಕೆ ಅನುಕೂಲ.

ಒಬ್ಬರ ನಂಬರ್ ಸಿಕ್ಕಿತು ಅಂತ ತಕ್ಷಣ ವಾಟ್ಸಾಪ್ ಗುಂಪಿಗೆ ಸೇರಿಸಬೇಡಿ. ಮೊದಲು ಫೋನ್ ಮಾಡಿ, ಕೇಳಿ, ಆಮೇಲೆ ಸೇರಿಸಿ. ಹೆಣ್ಣುಮಕ್ಕಳ ನಂಬರನ್ನಂತೂ ಅವರು ಹೂಂ ಅನ್ನದೆ ಯಾರಿಗೂ ಕೊಡಬೇಡಿ. ಇದರಿಂದ ಮನೆಯಲ್ಲಿ ಜಗಳವಾದರೆ ಅನುಭವಿಸುವವರು ಅವರು.

ದಿನ ಗೊತ್ತು ಮಾಡುವುದು

ಊರ ಜಾತ್ರೆಯ ದಿನವೇ ಮಾಡೋಣ ಅಂತ ಎಲ್ಲರೂ ಮೊದಲು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಸರಿಯಲ್ಲ. ಜಾತ್ರೆಯ ದಿನ ಎಲ್ಲರ ಮನೆಯಲ್ಲೂ ಬೀಗರು ಇರುತ್ತಾರೆ, ಹೆಂಗಸರು ಒಲೆಯ ಮುಂದಿನಿಂದ ಏಳುವುದೇ ಇಲ್ಲ. ಜಾತ್ರೆಗೆ ಬಂದವರು ಇನ್ನೂ ಊರಲ್ಲಿ ಇರುವ ಮರುದಿನವೋ ಮೂರನೇ ದಿನವೋ ಆದರೆ ನಡೆಯುತ್ತದೆ.

ನಾಗರ ಪಂಚಮಿಯಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣ ತಮ್ಮ ಹೋಗಿ ಕರೆದುಕೊಂಡು ಬರುತ್ತಾರೆ, ಬೇವಿನ ಗಿಡಕ್ಕೆ ಜೋಕಾಲಿ ಬೀಳುತ್ತದೆ, ಮನೆಯಲ್ಲಿ ಅಳ್ಳು, ಉಂಡಿ ಇರುತ್ತವೆ. ತವರಿಗೆ ಬರೋಕೆ ಅವರು ಬೇರೆ ನೆಪ ಹುಡುಕಬೇಕಾಗಿಲ್ಲ. ಒಂದೇ ತೊಡಕು, ಜುಲೈ ಆಗಸ್ಟಿನಲ್ಲಿ ಕಾಲುವೆ ನೀರಿನ ಊರುಗಳಲ್ಲಿ ಭತ್ತದ ನಾಟಿ ಜೋರಾಗಿರುತ್ತದೆ. ಒಣ ಬೇಸಾಯದ ಊರಾದರೆ ಆ ಚಿಂತೆ ಕಡಿಮೆ. ನೀರಾವರಿ ಊರಿನವರು ದಸರೆಯ ಬನ್ನಿಯ ಮರುದಿನವನ್ನು ನೋಡಬಹುದು. ಬನ್ನಿ ಕೊಟ್ಟು ಕಾಲಿಗೆ ಬೀಳೋಕೆ ಅಂತ ಹೇಗೂ ಮನೆ ಮನೆ ತಿರುಗುವ ದಿನಗಳು ಅವು.

ಮೊಹರಮ್ಮಿಗೆ ಗುಳೆ ಹೋದವರು ತಪ್ಪದೆ ಬರುವ ಊರುಗಳು ಬಹಳ ಇವೆ. ಮುದಗಲ್ಲಿನ ಮೊಹರಮ್ ಹೆಸರುವಾಸಿ, ಆದರೆ ಅಲಾಯಿ ದೇವರು ಕೂಡದ ಊರು ನಮ್ಮ ಕಡೆ ಕಡಿಮೆಯೇ. ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ.

ಏಪ್ರಿಲ್, ಮೇ ಬೇಡವೇ ಬೇಡ. 40 ಡಿಗ್ರಿ ದಾಟಿದ ಬಿಸಿಲಲ್ಲಿ ವಯಸ್ಸಾದವರನ್ನು ಶಾಮಿಯಾನದ ಕೆಳಗೆ ಕೂರಿಸಬಾರದು. ಮೆಣಸಿನಕಾಯಿ, ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿ ಬಿಟ್ಟು ಬನ್ನಿ ಅನ್ನುವುದೂ ನ್ಯಾಯವಲ್ಲ. ಪಂಚಾಯಿತಿ ಚುನಾವಣೆ ಹತ್ತಿರ ಇದ್ದರೆ ಮುಂದಕ್ಕೆ ಹಾಕಿ, ಇಲ್ಲದಿದ್ದರೆ ಯಾರೋ ಬಂದು ಊಟದ ಖರ್ಚು ನನ್ನದು ಅನ್ನುತ್ತಾರೆ.

ದಿನವನ್ನು ಮೂರು ತಿಂಗಳು ಮೊದಲೇ ಹೇಳಿಬಿಡಿ. ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಹಬ್ಬದ ಹೊತ್ತಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಸೀಟು ಉಳಿಯುವುದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸಿಗೆ ಟಿಕೆಟ್ ಖರ್ಚಿಲ್ಲ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತರಬೇಕು ಅಷ್ಟೇ. ಆದರೆ ಗಡಿಯಾಚೆ ಆಂಧ್ರ, ತೆಲಂಗಾಣದ ಆದೋನಿ, ಗದ್ವಾಲ, ರಾಯದುರ್ಗದ ಕಡೆ ಮದುವೆಯಾಗಿ ಹೋದವರಿಗೆ ಇದು ಸಿಗುವುದಿಲ್ಲ. ಅವರ ಬಸ್ ಖರ್ಚನ್ನು ಕೂಟದ ಲೆಕ್ಕದಲ್ಲಿ ಸೇರಿಸಿ.

ಕರೆಯುವ ರೀತಿ

ಇಡೀ ಕೂಟ ನಿಂತಿರುವುದು ಇದರ ಮೇಲೆ. ವಾಟ್ಸಾಪಿನಲ್ಲಿ ಒಂದು ಕಾರ್ಡ್ ಹಾಕಿದರೆ ನೌಕರಿಯವರು ಬರುತ್ತಾರೆ, ಉಳಿದವರು "ನಮ್ಮನ್ನೇನು ಕರೆದಿಲ್ಲ ಬಿಡು" ಅಂತ ಸುಮ್ನೆ ಇರುತ್ತಾರೆ. ಹಳ್ಳಿಯ ಮಂದಿಗೆ ಕರೆಯುವುದು ಅಂದರೆ ಬಾಯಿಬಿಟ್ಟು, ಹೆಸರು ಹಿಡಿದು ಕರೆಯುವುದು.

ಹತ್ತಿರದ ಊರುಗಳಲ್ಲಿ ಇರುವ ಹೆಣ್ಣುಮಕ್ಕಳ ಮನೆಗೆ ಹೋಗಿಯೇ ಹೇಳಬೇಕು. ಇಬ್ಬರು ಹೋಗಿ, ಒಬ್ಬರು ಹೆಂಗಸು ಇರಲಿ. ಮೊದಲು ಅತ್ತೆ ಮಾವನಿಗೆ ಹೇಳಿ, ಗಂಡನಿಗೆ ಹೇಳಿ, ಗಂಡ ಮಕ್ಕಳನ್ನೂ ಕರೆಯಿರಿ. ಇದು ಅಪ್ಪಣೆ ಕೇಳುವುದಾಯಿತಲ್ಲ ಅಂತ ಓದಿದವರಿಗೆ ಬೇಸರವಾಗಬಹುದು. ಆದರೆ ಆ ಹೆಣ್ಣುಮಗಳು ನೆಮ್ಮದಿಯಿಂದ ಬಂದು, ನೆಮ್ಮದಿಯಿಂದ ವಾಪಸ್ ಹೋಗಬೇಕು. ಅದು ಮುಖ್ಯ. ದೂರದವರಿಗೆ ಫೋನ್:

"ಅಕ್ಕಾ, ನಾನು ಬೇವಿನ ಗಿಡದ ಮನಿ ಸಣ್ಣಾವ ಮಾತಾಡೋದು. ಆರಾಮ ಇದ್ದೀಯೇನು? ಪಂಚಮಿ ಮರುದಿನ ನಮ್ಮ ಓಣ್ಯಾಗ ಎಲ್ಲಾರೂ ಕೂಡತೀವಿ. ನೀ ಬರಲೇಬೇಕು. ಮಾಮಾರಿಗೆ ಫೋನ್ ಕೊಡು, ನಾನೇ ಹೇಳ್ತೀನಿ."

ಹೀಗೆ ಹೇಳಿದರೆ ಸಾಕು. ತವರಿನಲ್ಲಿ ತಂದೆ ತಾಯಿ ತೀರಿಹೋದವರು, ಅಣ್ಣ ತಮ್ಮಂದಿರ ಜೊತೆ ಆಸ್ತಿಯ ಜಗಳವಾಗಿ ಊರಿಗೆ ಬರುವುದನ್ನೇ ಬಿಟ್ಟವರು ಇರುತ್ತಾರೆ. ಅವರಿಗೆ ಬಂದರೆ ಇಳಿಯೋಕೆ ಮನೆ ಇಲ್ಲ. ಅಂಥವರಿಗೆ "ನಮ್ಮ ಮನಿಗೇ ಬಾ, ಎರಡು ದಿನ ಇರು" ಅಂತ ಕರೆಯುವ ಒಂದು ಮನೆಯನ್ನು ಮೊದಲೇ ಗೊತ್ತು ಮಾಡಿ, ಆ ಮನೆಯ ಹೆಂಗಸಿನ ಬಾಯಿಂದಲೇ ಕರೆಸಿ. ಹಾಗೆ ಬರುವ ಒಬ್ಬಳು ಅಕ್ಕನಿಗಾಗಿಯೇ ಈ ಕೂಟ ಮಾಡಿದರೂ ಸಾರ್ಥಕ.

ಗಂಡ ತೀರಿಹೋದ ಹೆಣ್ಣುಮಕ್ಕಳನ್ನು ಕರೆಯುವಾಗ ಒಂದು ಕೂದಲಷ್ಟೂ ವ್ಯತ್ಯಾಸ ಮಾಡಬೇಡಿ. ಉಡಿ ತುಂಬುವ ಕಾರ್ಯಕ್ರಮ ಇಟ್ಟರೆ ಎಲ್ಲರಿಗೂ ತುಂಬಿ, ಇಲ್ಲವಾದರೆ ಬಿಟ್ಟುಬಿಡಿ. ಎಲ್ಲರಿಗೂ ಒಂದೊಂದು ಕುಪ್ಪಸದ ಖಣ, ಒಂದು ಹಿಡಿ ಉಂಡಿ ಕೊಟ್ಟು ಕಳಿಸಿದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಓದು ಬಾರದವರಿಗೆ ಕಾರ್ಡಿನ ಬದಲು ಧ್ವನಿ ಸಂದೇಶ ಕಳಿಸಿ. ಓಣಿಯ ಹಿರಿಯರ ದನಿಯಲ್ಲಿ ರೆಕಾರ್ಡ್ ಮಾಡಿಸಿದರೆ ಇನ್ನೂ ಚೆನ್ನ.

ಪಟ್ಟಿ ಎತ್ತುವುದು

ತಲೆಗೆ ಇಷ್ಟು ಅಂತ ಒಂದೇ ಮೊತ್ತ ಇಡಬೇಡಿ. ಐನೂರು ರೂಪಾಯಿ ಒಬ್ಬರಿಗೆ ಒಂದು ಚಹಾದ ಖರ್ಚು, ಇನ್ನೊಬ್ಬರಿಗೆ ದಿನದ ಕೂಲಿ. ಕೊಡುವವರು ಕೊಡಲಿ, ಯಾರು ಎಷ್ಟು ಕೊಟ್ಟರು ಅಂತ ಗುಂಪಿನಲ್ಲಿ ಹಾಕಬೇಡಿ. ಹಣ ಇಲ್ಲದವರು ಜೋಳ, ಶೇಂಗಾ, ಹಾಲು, ಸೌದೆ ಕೊಡುತ್ತಾರೆ, ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಒಬ್ಬರು ಹಣ ಇಟ್ಟುಕೊಳ್ಳಲಿ, ಇನ್ನೊಬ್ಬರು ಲೆಕ್ಕ ಬರೆಯಲಿ. ಯಾರಾದರೂ ಒಬ್ಬರೇ ಪೂರ್ತಿ ಖರ್ಚು ಹಾಕುತ್ತೇನೆ ಅಂದರೆ ಒಪ್ಪಿಕೊಳ್ಳಬೇಡಿ. ಆಮೇಲೆ ಅದು ಅವರ ಕಾರ್ಯಕ್ರಮ ಆಗಿಬಿಡುತ್ತದೆ, ಉಳಿದವರು ಅತಿಥಿಗಳಾಗುತ್ತಾರೆ.

ಜಾಗ, ನೆರಳು, ನೀರು

ತಾಲೂಕಿನ ಕಲ್ಯಾಣ ಮಂಟಪ ಬೇಡ. ಓಣಿಯಲ್ಲೇ ಆಗಬೇಕು. ಅಡ್ಡಾಡಲು ದಾರಿ ಬಿಟ್ಟು ಶಾಮಿಯಾನ ಹಾಕಿ, ಪಂಚಾಯಿತಿಗೆ ಒಂದು ಮಾತು ತಿಳಿಸಿ. ಮೈಕ್ ಹಚ್ಚುವುದಾದರೆ ಪೊಲೀಸ್ ಠಾಣೆಯಿಂದ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಚ್ಚುವಂತಿಲ್ಲ.

ಶೌಚಾಲಯದ ವಿಷಯವನ್ನು ಯಾರೂ ಮೊದಲೇ ಮಾತಾಡುವುದಿಲ್ಲ. ಚೆನ್ನಾಗಿರುವ ಮೂರು ನಾಲ್ಕು ಮನೆಗಳವರನ್ನು ಕೇಳಿ, ಹೆಂಗಸರಿಗೆ ಯಾವ ಮನೆ, ಗಂಡಸರಿಗೆ ಯಾವ ಮನೆ ಅಂತ ಎಲ್ಲರಿಗೂ ಹೇಳಿ. ನೀರು ತುಂಬಿಸಿಡಿ.

ನಮ್ಮ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದಲೇ ತನ್ನಿ. ನೂರು ಮಂದಿಗೆ 20 ಲೀಟರಿನ ಹದಿನೈದು ಕ್ಯಾನ್ ಬೇಕಾಗುತ್ತದೆ, ಬಿಸಿಲಿದ್ದರೆ ಇನ್ನೂ ಐದು.

ಊಟ

ಪಲಾವ್, ಗೋಬಿ ಮಂಚೂರಿ ಮದುವೆಗಳಲ್ಲಿ ತಿಂದಿದ್ದೇವೆ. ಇವತ್ತು ಓಣಿಯ ಊಟ ಇರಲಿ. ಬೆಳಗ್ಗೆ ಬಂದವರಿಗೆ ಸೂಸಲ, ಮಿರ್ಚಿ, ಚಹಾ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹೋಳಿಗೆ, ಅನ್ನ ಸಾರು. ನೂರು ಮಂದಿಗೆ ತಲೆಗೆ ಮೂರರಂತೆ ಮುನ್ನೂರು ರೊಟ್ಟಿ ಹಿಡಿಯಿರಿ. ಒಂದು ಕೆಜಿ ಹಿಟ್ಟಿಗೆ ಸುಮಾರು ಹನ್ನೆರಡು ರೊಟ್ಟಿ ಅಂದರೆ 25 ಕೆಜಿ ಹಿಟ್ಟು. ರೊಟ್ಟಿ ತಿನ್ನುವ ಮಂದಿಗೆ ಅನ್ನ ಕಡಿಮೆ ಸಾಕು, ಎಂಟು ಹತ್ತು ಕೆಜಿ ಅಕ್ಕಿ. ಮುನ್ನೂರು ರೊಟ್ಟಿಯನ್ನು ಅವತ್ತೇ ಬಡಿಯುವುದು ಕಷ್ಟ. ಅರ್ಧ ಖಡಕ್ ರೊಟ್ಟಿ ವಾರ ಮೊದಲೇ ಮಾಡಿಸಿಡಿ. ಊರಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೇ ದುಡ್ಡು ಕೊಟ್ಟು ಹೇಳಿ.

ಓಣಿಯ ಹೆಂಗಸರೇ ಅಡುಗೆ ಮಾಡಲಿ ಅನ್ನಬೇಡಿ. ಅವರೂ ಅವತ್ತು ಕೂತು ಮಾತಾಡಬೇಕಾದವರು. ಅಡುಗೆಯವರನ್ನು ಕರೆಸಿ, ಬಡಿಸುವ ಕೆಲಸ ಗಂಡಸರು ಮಾಡಲಿ.

ಸಾಲು ಒಂದೇ ಇರಲಿ. ಇದನ್ನು ಮೂರು ಮಂದಿ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಚಿಕ್ಕಂದಿನಲ್ಲಿ ಒಬ್ಬರ ಮನೆಯ ಪಡಸಾಲೆ ತನಕ, ಇನ್ನೊಬ್ಬರ ಅಂಗಳದ ತನಕ ಮಾತ್ರ ಕಾಲಿಟ್ಟವರು ನಮ್ಮಲ್ಲಿ ಇದ್ದಾರೆ. ಅವರು ತಾವಾಗಿ ಕೊನೆಯ ಸಾಲಿಗೆ ಹೋಗಿ ಕೂಡುತ್ತಾರೆ, ಕೈ ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದಕ್ಕೆ ಒಪ್ಪದವರು ಒಬ್ಬಿಬ್ಬರು ಸಿಟ್ಟಾಗಿ ಹೋದರೆ ಹೋಗಲಿ. ಅವರಿಗಾಗಿ ಸಾಲು ಒಡೆಯಬಾರದು. ಮಾಂಸದ ಊಟ, ಕುಡಿತ ಎರಡೂ ಬೇಡ. ಕುಡಿದವರಿದ್ದರೆ ಹೆಣ್ಣುಮಕ್ಕಳು ಇನ್ನೊಮ್ಮೆ ಬರುವುದಿಲ್ಲ.

ಆ ದಿನ

ಸನ್ಮಾನ, ಸ್ಟೇಜ್, ಮುಖ್ಯ ಅತಿಥಿ ಯಾವುದೂ ಬೇಡ. ನೆಲಕ್ಕೆ ಜಮಖಾನ ಹಾಸಿ, ಮಂಡಿ ನೋವಿನವರಿಗೆ ಕುರ್ಚಿ ಇಡಿ. ಬಾಗಿಲ ಲೆಕ್ಕದ ಹಾಳೆಯನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ನು ಕಟ್ಟಿಡಿ. ಬಂದವರು ತಮ್ಮ ಬಾಗಿಲು ಹುಡುಕಿ ಹೆಸರು ಬರೆಯಲಿ, ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಆ ಹಾಳೆಯ ಮುಂದೆ ಶುರುವಾಗುವ ಮಾತಿಗೆ ಬೇರೆ ಕಾರ್ಯಕ್ರಮವೇ ಬೇಕಾಗುವುದಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಎಲ್ಲರೂ ಸೇರಿ ಓಣಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಪ್ರತಿ ಬಾಗಿಲ ಮುಂದೆ ನಿಂತು, ಆ ಮನೆಯಲ್ಲಿ ಬೆಳೆದವರು ಎರಡು ಮಾತು ಹೇಳಲಿ. ಅಲ್ಲೇ ಆ ಮನೆಯಲ್ಲಿ ತೀರಿಹೋದವರ ಹೆಸರನ್ನು ಓದಿ. ದೊಡ್ಡವರು, ಸಣ್ಣವರು, ಬಾವಿಗೆ ಬಿದ್ದವರು, ಸಾಲಕ್ಕೆ ಹೋದವರು, ಯಾರನ್ನೂ ಬಿಡಬೇಡಿ, ಹೇಗೆ ಹೋದರು ಅಂತ ಹೇಳಬೇಕಾಗಿಲ್ಲ. ಹಾಸಿಗೆ ಹಿಡಿದ ಹಿರಿಯರು ಇದ್ದ ಮನೆಯೊಳಗೆ ನಾಲ್ಕೈದು ಮಂದಿಯಂತೆ ಹೋಗಿ ಮಾತಾಡಿಸಿ ಬನ್ನಿ. ಕಿವಿ ಕೇಳದವರಿಗೆ "ನಾನು ಇಂಥವರ ಮಗಳು" ಅಂತ ಹೆತ್ತವರ ಹೆಸರು ಹೇಳಿದರೆ ಗುರುತು ಹತ್ತುತ್ತದೆ.

ಊಟವಾದ ಮೇಲೆ ಆಟ. ಲಗೋರಿ, ಬುಗರಿ, ಚಿಣಿಫಣಿ, ಹೆಂಗಸರಿಗೆ ಗಜಗ, ಕುಂಟಾಟ. ಈಗಿನ ಮಕ್ಕಳನ್ನು ಕಲಿಸೋಕೆ ಅಂತ ಸೇರಿಸಿಕೊಳ್ಳಿ, ಬಹುಮಾನ ಇಡಬೇಡಿ.

ಬೀಸುವ ಪದ, ಸೋಬಾನೆ ಪದ, ಅಲಾಯಿ ಪದ ಗೊತ್ತಿರುವ ಹಿರಿಯರು ಇದ್ದರೆ ಮಧ್ಯಾಹ್ನವೇ ಒಂದು ಮನೆಯ ಒಳಗೆ ಕೂರಿಸಿ ಹಾಡಿಸಿ. ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಬಾಯಿಯಿಂದ ಒಂದು ಮೊಳ ದೂರದಲ್ಲಿ ಇಡಿ. ಹಾಡಿನ ಮೊದಲು ಹಾಡುವವರ ಹೆಸರು, ಊರು, ಯಾರಿಂದ ಕಲಿತರು ಅಂತ ಅವರ ಬಾಯಲ್ಲೇ ಹೇಳಿಸಿ.

ಹಳೆ ಫೋಟೊಗಳನ್ನು ತರೋಕೆ ಹೇಳಿರುತ್ತೀರಿ, ಅವನ್ನು ಅಲ್ಲೇ ಬೆಳಕಿನಲ್ಲಿ ಇಟ್ಟು ಫೋನಿನಲ್ಲಿ ತೆಗೆದುಕೊಂಡು ತಕ್ಷಣ ವಾಪಸ್ ಕೊಡಿ. ಊರಿನ ಮಂದಿಯ ಹತ್ತಿರ ಹಳೆಯ ಫೋಟೊ ಒಂದೋ ಎರಡೋ ಇರುತ್ತವೆ, ಕಳೆದರೆ ಮತ್ತೆ ಸಿಗುವುದಿಲ್ಲ. ಎಲ್ಲರ ಗುಂಪು ಫೋಟೊವನ್ನು ಊಟಕ್ಕೆ ಮೊದಲೇ ಮುಗಿಸಿ. ಸಂಜೆ ಬಸ್ಸಿಗೆ ಅವಸರ ಮಾಡಿ ಹೊರಡುವವರೇ ಜಾಸ್ತಿ.

ಮುಗಿದ ಮೇಲೆ

ಮರುದಿನವೇ ಲೆಕ್ಕ ಓದಿ. ಉಳಿದ ಹಣವನ್ನು ಏನು ಮಾಡಬೇಕು ಅಂತ ಕೂತವರ ಮುಂದೆಯೇ ಕೇಳಿ. ಸಂಘ ನೋಂದಣಿ ಮಾಡೋಣ, ಭವನ ಕಟ್ಟೋಣ ಅಂತ ಮಾತು ಬಂದರೆ ಅವಸರ ಬೇಡ.

ಪ್ರತಿ ವರ್ಷ ಮಾಡುವ ಹಟ ಬೇಡ, ದೂರದವರಿಗೆ ಭಾರವಾಗುತ್ತದೆ. ಮೂರು ವರ್ಷಕ್ಕೊಮ್ಮೆ ಸಾಕು, ಮುಂದಿನ ಸಲ ಬೇರೆ ಮೂರು ಮಂದಿ ನಡೆಸಲಿ. ಹೆಸರು, ಊರು, ಫೋನ್ ನಂಬರ್ ಇರುವ ಪುಸ್ತಕವನ್ನು ಎರಡು ಪ್ರತಿ ಮಾಡಿ ಓಣಿಯ ಎರಡು ಮನೆಗಳಲ್ಲಿ ಇಡಿ. ಫೋನ್ ಕೆಟ್ಟರೆ ಗುಂಪು ಹೋಗುತ್ತದೆ, ಪುಸ್ತಕ ಉಳಿಯುತ್ತದೆ. ಗುಂಪು ಫೋಟೊವನ್ನು ತಾಲೂಕಿನ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ, ದೊಡ್ಡ ಫೋನ್ ಇಲ್ಲದವರ ಮನೆಗೆ, ಬರಬೇಕು ಅಂತ ಇದ್ದು ಬರಲಾಗದವರ ಮನೆಗೆ ತಿಂಗಳೊಳಗೆ ಮುಟ್ಟಿಸಿ. ಹಿಂಬದಿಯಲ್ಲಿ ಸಾಲು ಸಾಲಾಗಿ ಎಲ್ಲರ ಹೆಸರು ಬರೆದಿರಲಿ, ಹೆಣ್ಣುಮಕ್ಕಳ ಹೆಸರನ್ನು ಅವರು ಓಣಿಯಲ್ಲಿ ಇದ್ದಾಗಿನ ಹೆಸರಿನಿಂದಲೇ ಬರೆಯಿರಿ.